ಬೇಳೆಯ ಬೆಲೆ, ದಿಲ್ಲಿಯ ಪಟ್ಟಿ

ದಾವಣಗೆರೆಯ ಓದುಗರೊಬ್ಬರು ಪತ್ರದ ಜೊತೆಗೆ ದಿನಸಿ ಅಂಗಡಿಯ ಎರಡು ಹಳೆಯ ಚೀಟಿಗಳನ್ನು ಕಳಿಸಿದ್ದಾರೆ. 2023ರ ಜನವರಿಯದರಲ್ಲಿ ತೊಗರಿ ಬೇಳೆ ಕಿಲೋಗೆ 115 ರೂಪಾಯಿ. 2024ರ ಜುಲೈಯದರಲ್ಲಿ 172. "ದಿನವೂ ಬೆಲೆಯ ಮೇಲೆ ಕಣ್ಣಿಟ್ಟಿದ್ದೇವೆಂದು ಸರ್ಕಾರ ಹೇಳುತ್ತಲೇ ಇತ್ತು. ಕಣ್ಣಿಟ್ಟು ಆದ ಲಾಭವೇನು?" ಎಂದು ಕೇಳಿದ್ದಾರೆ. ಕಾಳಿನ ದರಕ್ಕಿಂತ ಬೇಳೆಯ ದರ ಅಷ್ಟು ಹೆಚ್ಚಿರುವುದಕ್ಕೆ ವರ್ತಕರೇ ಕಾರಣವೆಂದೂ ದೂರಿದ್ದಾರೆ.

ಮಾನ್ಯರೇ,

ಕಣ್ಣಿಟ್ಟಿರುವುದು ಸುಳ್ಳಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಸುಮಾರು 550 ಕೇಂದ್ರಗಳಿಂದ ದಿನವೂ ಸಗಟು ಮತ್ತು ಚಿಲ್ಲರೆ ದರಗಳನ್ನು ತರಿಸಿಕೊಳ್ಳುತ್ತದೆ. 22 ಪದಾರ್ಥಗಳಿದ್ದ ಆ ಪಟ್ಟಿ 2024ರ ಆಗಸ್ಟ್‌ನಿಂದ 38ಕ್ಕೆ ಏರಿದೆ. ಆದರೆ ಅಂಗಡಿಯಲ್ಲಿ ದರ ಏರಿದ ದಿನ ದಿಲ್ಲಿಗೆ ತಿಳಿಯುವ ಸಂಗತಿ, ತೊಗರಿ ಬೆಳೆಯುವ ಕಲಬುರಗಿಯ ರೈತನಿಗೆ ಅದಕ್ಕೆ ತಿಂಗಳುಗಳ ಮೊದಲೇ ಹೊಲದಲ್ಲಿ ಕಂಡಿರುತ್ತದೆ. 2022ರ ಮುಂಗಾರಿನ ತೊಗರಿ ಬೆಳೆ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗಿತು. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್‌ನ ಹೊತ್ತಿಗಷ್ಟೇ ಕೈಗೆ ಬರುವುದರಿಂದ, ಒಂದು ಸುಗ್ಗಿ ಕೆಟ್ಟರೆ ಇನ್ನೊಂದಕ್ಕೆ ವರ್ಷವಿಡೀ ಕಾಯಬೇಕು.

ಮಾರುಕಟ್ಟೆಯ ಕಾಳಿನ ದರಕ್ಕೂ ಅಂಗಡಿಯ ಬೇಳೆಯ ದರಕ್ಕೂ ಇರುವ ಅಂತರವನ್ನು ಪೂರ್ತಿಯಾಗಿ ವರ್ತಕರ ತಲೆಗೆ ಕಟ್ಟಿದ್ದೀರಿ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ನೂರು ಕಿಲೋ ಕಾಳನ್ನು ದಾಲ್ ಮಿಲ್ಲಿಗೆ ಹಾಕಿದರೆ ಬೇಳೆಯಾಗಿ ಹೊರಬರುವುದು ಎಪ್ಪತ್ತು ಕಿಲೋ ಆಸುಪಾಸು. ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ ಹೋಗಿ ಅಲ್ಪಸ್ವಲ್ಪ ಹಣ ತರುತ್ತದೆ. ಕಾಳು ಕಿಲೋಗೆ 100 ರೂಪಾಯಿ ಇದ್ದರೆ, ಮಿಲ್ಲಿನ ಖರ್ಚು, ಲಾರಿ ಬಾಡಿಗೆ, ಹಮಾಲಿ ಸೇರುವ ಮುನ್ನವೇ ಬೇಳೆಯ ಅಸಲು 140ರ ಹತ್ತಿರ ಬಂದಿರುತ್ತದೆ.

ದಾಸ್ತಾನು ಮಾಡುವವರೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2023ರ ಜೂನ್‌ನಲ್ಲಿ ಸರ್ಕಾರ ತೊಗರಿಗೆ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ಮಿತಿ ಹಾಕಿದ್ದು ಅದಕ್ಕೇ. ಆದರೂ ಬೆಲೆ ಏರುತ್ತಲೇ ಹೋಯಿತು, ಏಕೆಂದರೆ ಮುಚ್ಚಿಟ್ಟ ಮಾಲನ್ನು ಹೊರಗೆಳೆಯಬಹುದೇ ಹೊರತು ಬೆಳೆಯದೇ ಹೋದ ಮಾಲನ್ನಲ್ಲ. ಅದೇ ವರ್ಷದ ಜುಲೈನಲ್ಲಿ 'ಭಾರತ್ ದಾಲ್' ಹೆಸರಿನಲ್ಲಿ ಕಿಲೋಗೆ 60 ರೂಪಾಯಿಯಂತೆ ಮಾರಾಟಕ್ಕೆ ಬಂದದ್ದು ಕಡಲೆ ಬೇಳೆ; ಸರ್ಕಾರದ ಗೋದಾಮಿನಲ್ಲಿ ಹೇರಳವಾಗಿದ್ದದ್ದು ಅದು. ಕಡಲೆ ಬೇಳೆಯ ಹುಳಿಯನ್ನು ನಮ್ಮ ಮನೆಗಳಲ್ಲಿ ಎಷ್ಟು ದಿನ ಉಂಡಾರು!

ಬೆಲೆ ಇಳಿಸುವಲ್ಲಿ ನಿಜವಾಗಿ ಕೆಲಸ ಮಾಡಿದ್ದು ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಸುಂಕವಿಲ್ಲದೆ ಬಂದ ತೊಗರಿ ಮತ್ತು ಅದರ ಜೊತೆಗೇ ಕೈಗೂಡಿದ ನಮ್ಮ ಬೆಳೆ. ಅದರ ಬಿಸಿ ತಟ್ಟಿದ್ದು ಬೇರೆಯವರಿಗೆ. 2025ರ ಆರಂಭದಲ್ಲಿ ಕಲಬುರಗಿಯಲ್ಲಿ ದರ ಕ್ವಿಂಟಲ್‌ಗೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದು, ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಬೇಕಾಯಿತು. ನೀವು ಅಗ್ಗವೆಂದು ನೆಮ್ಮದಿಪಟ್ಟ ತಿಂಗಳುಗಳೇ ಬೆಳೆದವನು ಖರೀದಿ ಕೇಂದ್ರದ ಮುಂದೆ ಸರದಿ ನಿಂತ ತಿಂಗಳುಗಳು.

ಆದ್ದರಿಂದ ನನ್ನ ಆಕ್ಷೇಪ ಕಣ್ಣಿಡುವುದರ ಬಗ್ಗೆ ಅಲ್ಲ, ಕೊಳ್ಳುವ ಹೊತ್ತಿನ ಬಗ್ಗೆ. ಬೆಲೆಯ ಏರಿಳಿತ ತಡೆಯಲೆಂದು ಕೇಂದ್ರ ಇಟ್ಟಿರುವ ಬೆಲೆ ಸ್ಥಿರೀಕರಣ ನಿಧಿ 2014–15ರಿಂದ ಇದೆ. ಜನವರಿಯಲ್ಲಿ ದರ ಬಿದ್ದಾಗ ಆ ಹಣದಿಂದ ತಡಮಾಡದೆ ತೊಗರಿಯನ್ನೇ ಕೊಂಡು ಗೋದಾಮಿನಲ್ಲಿಟ್ಟು, ಗೌರಿ–ಗಣೇಶ ಹಬ್ಬದ ಮುನ್ನ ಮಿಲ್ಲುಗಳಿಗೆ ಬಿಟ್ಟರೆ ನಿಮ್ಮ ಎರಡು ಚೀಟಿಗಳ ನಡುವಿನ 57 ರೂಪಾಯಿಯಲ್ಲಿ ಒಂದು ಪಾಲಾದರೂ ಉಳಿಯುತ್ತಿತ್ತು.

– ಸಂ.