ಗುರುಗಳ ತಪ್ಪು ಗೊತ್ತಾದ ಮೇಲೆ

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಪ್ರಶಾಂತ್‌ಗೆ 31 ವರ್ಷ. ಉತ್ತರ ಕರ್ನಾಟಕದ ಒಂದು ಊರಿನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಭಾಪಾಲಕರು (ಪಾಸ್ಟರ್). ನಿದ್ದೆ ಬರುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದರು. ಶನಿವಾರ ರಾತ್ರಿ ಪ್ರಸಂಗ (ಆರಾಧನೆಯಲ್ಲಿ ಕೊಡುವ ಉಪದೇಶ) ಬರೆಯಲು ಕೂತರೆ ಎದೆ ಹೊಡೆದುಕೊಳ್ಳುತ್ತದೆ, ಭಾನುವಾರ ಆರಾಧನೆಯ ಹೊತ್ತಿಗೆ ಗಂಟಲು ಕಟ್ಟುತ್ತದೆ. ಗಂಟಲಿನ ಡಾಕ್ಟರಿಗೆ ತೋರಿಸಿ ಆಗಿತ್ತು. ಏನೂ ತೊಂದರೆ ಇಲ್ಲ ಎಂದಿದ್ದರು.

ಮಾತು ಶುರುವಾಗಿ ಸ್ವಲ್ಪ ಹೊತ್ತಿಗೇ ಒಬ್ಬ ಹಿರಿಯರ ವಿಷಯ ಬಂತು. ಆಮೇಲೆ ಬೇರೆ ವಿಷಯವೇ ಬರಲಿಲ್ಲ.

ಅವರು ಅದೇ ಸಭೆಯಲ್ಲಿ ಹಿಂದೆ ಸೇವೆ ಮಾಡಿದ್ದ ಅಯ್ಯನವರು. ಪಾಸ್ಟರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಪ್ರಶಾಂತ್‌ನ ತಂದೆ ಬೇಗ ತೀರಿಕೊಂಡಾಗ ಮನೆಗೆ ಆಸರೆಯಾದವರು. ಪಿಯುಸಿ ಫೀಸು ಕಟ್ಟಿದ್ದು ಅವರು, ದೈವಶಾಸ್ತ್ರದ ಕಾಲೇಜಿಗೆ ಕಳಿಸಿದ್ದೂ ಅವರೇ. ಪಾಸ್ಟರ್ ಆಗುವ ಅಭಿಷೇಕದ ದಿನ ತಲೆಯ ಮೇಲೆ ಕೈಯಿಟ್ಟವರಲ್ಲೂ ಅವರಿದ್ದರು. ಹೋದ ವರ್ಷ ತೀರಿಕೊಂಡರು. ಪ್ರಶಾಂತ್ ಅವರ ಬೈಬಲನ್ನೇ ಬಳಸುತ್ತಾರೆ. ಪ್ರಸಂಗದ ನಡುವೆ ಅವರ ಹಾಗೆಯೇ ನಿಲ್ಲಿಸುತ್ತಾರೆ, ಅವರ ಹಾಗೆಯೇ ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುತ್ತಾರೆ. "ಥೇಟ್ ಅಯ್ಯನವರ ಹಂಗs ಹೇಳ್ತಾರ ನೋಡ್ರಿ" ಎಂದು ಸಭೆಯವರು ಮೆಚ್ಚಿಕೊಳ್ಳುತ್ತಾರೆ.

ಸಭೆಯ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ಕಮಿಟಿ ತೀರ್ಮಾನಿಸಿತು. ಹಿರಿಯ ಅಯ್ಯನವರ ಬಗ್ಗೆ ಮುಖ್ಯ ಲೇಖನ ಪ್ರಶಾಂತ್ ಬರೆಯಬೇಕು. ಸುದ್ದಿ ಹರಡಿತು. ಒಂದು ಸಂಜೆ ವಯಸ್ಸಾದ ತಾಯಿಯೊಬ್ಬರು ಪಾರ್ಸನೇಜಿಗೆ (ಪಾಸ್ಟರ್ ಮನೆಗೆ) ಬಂದರು. ಅವರ ಗಂಡ ಅದೇ ಸಭೆಯಲ್ಲಿ ಉಪದೇಶಿ, ಅಂದರೆ ಪಾಸ್ಟರಿಗೆ ಸಹಾಯಕರಾಗಿ ಬೋಧಿಸುವವರು, ಆಗಿದ್ದರು. ಚಹಾ ಕುಡಿದು, ಲೋಟ ಕೆಳಗಿಟ್ಟು ಕೇಳಿದರು:

"ಅಯ್ಯನವರ, ನಿಮ್ಮ ಗುರುಗಳ ಬಗ್ಗೆ ಬರೀತೀರಂತಲ್ಲ. ಅದ್ರಾಗ ನಮ್ಮನಿಯವರ ಹೆಸರು ಬರ್ತದೇನ್ರಿ?"

ಅವರು ಹೇಳಿದ ಕಥೆ ಇಷ್ಟು. ಬಹಳ ವರ್ಷಗಳ ಹಿಂದೆ ಸುಗ್ಗಿ ಹಬ್ಬದ ಕಾಣಿಕೆಯಲ್ಲಿ ಹಣ ಕಡಿಮೆ ಬಂತು. ಉಪದೇಶಿಯ ಮೇಲೆ ಅನುಮಾನ. ಅಯ್ಯನವರು ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಅವರನ್ನು ಕೆಲಸದಿಂದ ತೆಗೆದಿದ್ದೇನೆ ಎಂದರು. ಆಮೇಲೆ ಆ ಹಣ ಬ್ಯಾಂಕಿನ ಲೆಕ್ಕದಲ್ಲಿ ಸಿಕ್ಕಿತು. ತೆಗೆದದ್ದು ಎಲ್ಲರ ಮುಂದೆ, ಆದರೆ ಸಿಕ್ಕಿದ್ದನ್ನು ಯಾರ ಮುಂದೆಯೂ ಹೇಳಲಿಲ್ಲ. ಉಪದೇಶಿ ಹಮಾಲಿ ಮಾಡಿ ಮಕ್ಕಳನ್ನು ಸಾಕಿದರು. ಸತ್ತಾಗ ಸಭೆಯಿಂದ ಮಣ್ಣಿಗೆ ಬಂದವರು ಕೆಲವೇ ಜನ.

ಪ್ರಶಾಂತ್ ನನ್ನ ಮುಂದೆ ಕೂತು ಕೇಳಿದ್ದು: "ಮೇಡಂ, ಬರೆದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಬರೆಯದಿದ್ದರೆ ಆ ತಾಯಿಗೆ ಎರಡನೇ ಸಲ ಅನ್ಯಾಯ. ನಾನೇನು ಮಾಡಲಿ?"

ಮೊದಲ ಕೆಲವು ಭೇಟಿಗಳಲ್ಲಿ ನಾನು ಲೇಖನದ ವಿಷಯಕ್ಕೆ ಕೈ ಹಾಕಲಿಲ್ಲ. ಅವರ ಹೆದರಿಕೆ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕಿತ್ತು. ಹೋದವರ ದುಃಖ ಇತ್ತು, ಅದು ಸಹಜ. ಆದರೆ ಇಷ್ಟು ನಡುಕಕ್ಕೆ ದುಃಖ ಒಂದೇ ಕಾರಣ ಅನ್ನಿಸಲಿಲ್ಲ. "ಅಯ್ಯನವರು ಆ ವಿಷಯದಲ್ಲಿ ನಿಜವಾಗಿ ತಪ್ಪು ಮಾಡಿದ್ದರೆ ನಿಮಗೆ ಏನಾಗುತ್ತದೆ?" ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ನನಗೆ ದೇವರ ಕರೆ ಇದೆ ಅಂತ ಹೇಳಿದವರು ಅವರೇ. ಉಪದೇಶಿ ವಿಷಯದಲ್ಲಿ ಅವರ ಲೆಕ್ಕ ತಪ್ಪಿದ್ದರೆ, ನನ್ನ ವಿಷಯದಲ್ಲೂ ತಪ್ಪಿರಬಹುದಲ್ವಾ?"

ಗಂಟು ಅಲ್ಲಿತ್ತು. ತಾವು ಗುರುವಿನ ಹೆಸರು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರು. ಅದರ ಜೊತೆಗೆ ತಮ್ಮ ಕಾಲ ಕೆಳಗಿನ ನೆಲವನ್ನೂ ಕಾಪಾಡಿಕೊಳ್ಳುತ್ತಿದ್ದರು. ಸಭೆಗಳಲ್ಲಿ ಇದನ್ನು ನಾನು ಜಾಸ್ತಿ ನೋಡುತ್ತೇನೆ. ನಮ್ಮನ್ನು ನಂಬಿಕೆಗೆ ತಂದವರಲ್ಲಿ ದೋಷ ಕಂಡರೆ ನಮ್ಮ ನಂಬಿಕೆಯೇ ಅಲುಗಾಡಿದಂತೆ ಆಗುತ್ತದೆ. ಅದಕ್ಕೇ ಕಂಡದ್ದನ್ನು ಕಾಣಲಿಲ್ಲ ಎನ್ನುತ್ತೇವೆ. ಇನ್ನು ಕೆಲವರು ಒಂದೇ ಏಟಿಗೆ ಎಲ್ಲವನ್ನೂ ಎಸೆದು ಸಭೆ ಬಿಟ್ಟು ಹೋಗುತ್ತಾರೆ.

ಕರೆಯ ಬಗ್ಗೆ ಬೇರೆಯಾಗಿಯೇ ಮಾತಾಡಿದೆವು. ಗುರುಗಳು ಹೇಳಿದ್ದು ಒಂದು ಸಾಕ್ಷಿ. ಆಮೇಲಿನ ವರ್ಷಗಳಲ್ಲಿ ಬೇರೆ ಯಾರು ಹೇಳಿದರು, ಯಾವ ಕೆಲಸದಲ್ಲಿ ಅದು ಗಟ್ಟಿಯಾಯಿತು ಎಂದು ನೆನಪಿಸಿಕೊಳ್ಳಲು ಹೇಳಿದೆ. ಆಸ್ಪತ್ರೆ ಭೇಟಿ, ಮನೆಗಳ ಪ್ರಾರ್ಥನೆ, ಕುಡಿತ ಬಿಟ್ಟ ಒಬ್ಬ ಲಾರಿ ಡ್ರೈವರ್, ಹೀಗೆ ಒಂದೊಂದೇ ಬಂದವು. ಹೇಳುತ್ತಾ ಹೋದಂತೆ ಅವರ ದನಿ ಬದಲಾಯಿತು. ಅಲ್ಲಿ ಗುರುಗಳ ಅನುಕರಣೆ ಇರಲಿಲ್ಲ.

ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದ ಏಳನೇ ವಚನ ಪ್ರಶಾಂತ್‌ಗೆ ಬಾಯಿಪಾಠ. ದೇವರ ವಾಕ್ಯ ತಿಳಿಸಿದ ನಾಯಕರನ್ನು ನೆನೆಯಿರಿ, ಅವರ ಬದುಕು ಹೇಗೆ ಮುಗಿಯಿತೆಂದು ಯೋಚಿಸಿರಿ, ಅವರ ನಂಬಿಕೆಯನ್ನು ಅನುಸರಿಸಿರಿ ಎಂಬ ಮಾತು ಅಲ್ಲಿದೆ. ಅದನ್ನೇ ಸಂಚಿಕೆಯ ಮುಖಪುಟಕ್ಕೆ ಹಾಕಬೇಕೆಂದಿದ್ದರು. "ಯೋಚಿಸಿರಿ ಅಂತಲೂ ಇದೆ. ನೀವು ಯೋಚಿಸಿದ್ದು ಏನು?" ಎಂದು ಕೇಳಿದೆ. ಅವರು ಅನುಸರಿಸುತ್ತಿದ್ದದ್ದು ಹೆಚ್ಚಾಗಿ ಕನ್ನಡಕ ಹಿಡಿಯುವ ರೀತಿಯನ್ನು. ಅಯ್ಯನವರಿಂದ ನಿಜವಾಗಿ ಕಲಿತದ್ದೇನು ಎಂದು ಬರೆದುಕೊಂಡು ಬರಲು ಹೇಳಿದೆ.

ಬರೆದು ತಂದದ್ದನ್ನು ಓದಿದಾಗ ಆ ಹಿರಿಯರ ಬಗ್ಗೆ ನನಗೂ ಗೌರವ ಬಂತು. ಕಾಯಿಲೆಯವರ ಮನೆಗೆ ಹೋದರೆ ಮೊದಲು ಬೈಬಲ್ ತೆಗೆಯಬಾರದು, ಊಟ ಆಯಿತಾ ಎಂದು ಕೇಳಬೇಕು, ಒಲೆ ಹಚ್ಚಿದ್ದಾರಾ ನೋಡಬೇಕು. ಸಾವಿನ ಮನೆಯಲ್ಲಿ ಕಡಿಮೆ ಮಾತಾಡಬೇಕು. ಶುಕ್ರವಾರ ಬೆಳಿಗ್ಗೆ ಪ್ರತಿ ಕುಟುಂಬದ ಹೆಸರು ಹಿಡಿದು ಪ್ರಾರ್ಥಿಸಬೇಕು. ಅದಕ್ಕೆಂದೇ ಅಯ್ಯನವರು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಅವೆಲ್ಲ ಈಗ ಪ್ರಶಾಂತ್ ಹತ್ತಿರ ಇವೆ.

ಆ ನೋಟ್‌ಬುಕ್ಕುಗಳನ್ನು ತಿರುವಿ ಹಾಕುವಾಗ ಅವರಿಗೆ ಒಂದು ವಿಷಯ ಕಂಡಿತು. ಕೆಲಸದಿಂದ ತೆಗೆದ ಮೇಲೂ, ವರ್ಷಗಟ್ಟಲೆ, ಉಪದೇಶಿಯ ಹೆಸರು ಪಟ್ಟಿಯಲ್ಲಿದೆ. ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ ಚಿಕ್ಕ ಗೆರೆ. ಬೇರೆ ಯಾವ ಹೆಸರಿಗೂ ಆ ಗೆರೆ ಇಲ್ಲ. ಪುಸ್ತಕವನ್ನು ನನಗೂ ತಂದು ತೋರಿಸಿದರು. "ನೋಡಿ ಮೇಡಂ, ಅವರಿಗೆ ಪಶ್ಚಾತ್ತಾಪ ಇತ್ತು."

ಇದ್ದಿರಬಹುದು. ಆದರೆ ಪ್ರಶಾಂತ್‌ಗೆ ಸಿಕ್ಕಷ್ಟು ಸಮಾಧಾನ ನನಗೆ ಸಿಗಲಿಲ್ಲ. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಉಪದೇಶಿಯ ಮನೆ ಚರ್ಚಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಶುಕ್ರವಾರದ ಪ್ರಾರ್ಥನೆ ಆ ಮನೆಯ ಬಾಗಿಲು ತಟ್ಟಲಿಲ್ಲ. ಇದನ್ನು ನಾನು ಸ್ಪಷ್ಟವಾಗಿಯೇ ಹೇಳಿದೆ. ಪ್ರಶಾಂತ್ ಅತ್ತರು.

ಅಲ್ಲಿಂದ ಮುಂದೆ ಕೆಲಸದ ಮಾತು. ನಾನು ಕೊಟ್ಟ ಮೊದಲ ಸಲಹೆ: ಬರೆಯುವ ಮುಂಚೆ ವಿಚಾರಿಸಿ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ, ಚೆನ್ನಾಗಿ ನಡೆಸುವ ಹಿರಿಯರು ಎರಡು ಪಾಲು ಗೌರವಕ್ಕೆ ಯೋಗ್ಯರು ಎಂದು ಪೌಲನು ಹೇಳುತ್ತಾನೆ. ಸಭೆಗಳಲ್ಲಿ ಓದುವುದು ಅಷ್ಟೇ. ಎರಡೇ ವಚನ ದಾಟಿದರೆ, ಹಿರಿಯರ ಮೇಲಿನ ದೂರನ್ನು ಎರಡು ಮೂರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ, ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು ಎಂದಿದೆ. ಸಾಕ್ಷಿಗಳ ಮಾತು ಇಬ್ಬರನ್ನೂ ಕಾಪಾಡುತ್ತದೆ. ತೀರಿಕೊಂಡ ಅಯ್ಯನವರಿಗೂ ಆ ನ್ಯಾಯ ಸಿಗಬೇಕು. ಉಪದೇಶಿಗೆ ಅಂದು ಸಿಗದೇ ಹೋದದ್ದೂ ಇದೇ. ಕಮಿಟಿಯ ಹಳೆಯ ನಡಾವಳಿ ಪುಸ್ತಕ ನೋಡಿ, ಲೆಕ್ಕಪತ್ರ ನೋಡಿ, ಆಗಿನ ಖಜಾಂಚಿ ಬದುಕಿದ್ದರೆ ಹೋಗಿ ಮಾತಾಡಿ ಎಂದೆ.

ಖಜಾಂಚಿ ಬದುಕಿದ್ದರು. ಹಾಸಿಗೆ ಹಿಡಿದಿದ್ದರು, ಆದರೆ ನೆನಪು ಚೆನ್ನಾಗಿತ್ತು. ಹಣ ಬ್ಯಾಂಕಿಗೆ ಕಟ್ಟಿದ್ದು ತಡವಾಗಿ ಪಾಸ್‌ಬುಕ್ಕಿಗೆ ಏರಿತ್ತು ಎಂದರು. ಹೇಳೋಣ ಅಂದರೆ ಅಯ್ಯನವರ ಮರ್ಯಾದೆಯ ಪ್ರಶ್ನೆ, ಕಮಿಟಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ ಎಂದೂ ಹೇಳಿದರು. ಹಾಗಾಗಿ ಇದು ಅಯ್ಯನವರ ಒಬ್ಬರ ತಪ್ಪಲ್ಲ, ಗೌರವದ ಹೆಸರಿನಲ್ಲಿ ಸುಮ್ಮನಿದ್ದ ಎಲ್ಲರದ್ದೂ ಇದರಲ್ಲಿ ಪಾಲಿದೆ. ನಡಾವಳಿಯಲ್ಲಿ ಕೆಲಸದಿಂದ ತೆಗೆದದ್ದು ಬರೆದಿತ್ತು. ತಿದ್ದುಪಡಿ ಎಲ್ಲೂ ಇರಲಿಲ್ಲ.

ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರುವುದನ್ನು ಹೆದರಿ ಬಿಟ್ಟಾಗ ಪೌಲನು ಎಲ್ಲರ ಎದುರಿಗೇ ಪ್ರಶ್ನಿಸಿದ. ಅದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಾಖಲು ಮಾಡಿಯೂ ಇಟ್ಟ. ಪೇತ್ರನ ಎರಡನೇ ಪತ್ರದಲ್ಲಿ ಪೌಲನನ್ನು ಪ್ರಿಯ ಸಹೋದರ ಎಂದೇ ಕರೆದಿದೆ. ಇಬ್ಬರ ಹೆಸರಿನ ಚರ್ಚುಗಳೂ ನಮ್ಮಲ್ಲಿವೆ. ಬೈಬಲು ಪೇತ್ರನ ಹೆದರಿಕೆಯನ್ನು ಬಚ್ಚಿಟ್ಟಿದ್ದರೆ, ಹೆದರಿದ ಎಷ್ಟೋ ಜನರಿಗೆ ಅವನು ಗುರುವಾಗುತ್ತಿರಲಿಲ್ಲ. ಪ್ರಶಾಂತ್ ಆ ಭಾಗದ ಮೇಲೆ ಪ್ರಸಂಗ ಮಾಡಿದ್ದರು, ಆದರೆ ತಮ್ಮ ಸಂಕಟಕ್ಕೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಸಂಚಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಚರಿತ್ರೆಯ ಪುಟಗಳೂ ಇದ್ದವು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದವರ ಕಥೆ. ಅನುಕರಣೆಯ ಮಾತು ಬಂದಾಗ ಅದೇ ಪುಟಗಳಿಂದ ಒಂದು ಉದಾಹರಣೆ ತೆಗೆದುಕೊಂಡೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದರು, ಹಳಗನ್ನಡದ ಕಾವ್ಯಗಳನ್ನು ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿರಿಯ ಫರ್ಡಿನೆಂಡ್ ಕಿಟ್ಟೆಲ್ ಆ ಕನ್ನಡದ ಪ್ರೀತಿಯನ್ನು ಮುಂದುವರಿಸಿದರು. ಆದರೆ ತಮ್ಮದೇ ದಾರಿ ಹಿಡಿದರು. ಛಂದಸ್ಸು, ವ್ಯಾಕರಣದ ಹಳೆಯ ಗ್ರಂಥಗಳಿಗೆ ಇಳಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಬಂತು. ಹಿರಿಯರ ಶ್ರದ್ಧೆ ಹಿಡಿದು ತನ್ನ ಕೆಲಸ ತಾನು ಮಾಡುವುದು ಅಂದರೆ ಇದು. ಪ್ರಶಾಂತ್ ತಮ್ಮದೇ ಗಂಟಲಿನಲ್ಲಿ ಮಾತಾಡಿದರೆ ಅಯ್ಯನವರಿಗೆ ಏನೂ ಕಡಿಮೆಯಾಗುವುದಿಲ್ಲ.

ಎರಡನೇ ಸಲಹೆ ನನಗೆ ಬಹಳ ಮುಖ್ಯ. ಬರೆಯುವ ಮುಂಚೆ ಆ ತಾಯಿಯನ್ನು ಕೇಳಿ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಅವರ ನೋವನ್ನು ಅಚ್ಚು ಹಾಕಿಸಬೇಡಿ. ಅವರಿಗೆ ಏನು ಬೇಕೋ ಅದು ಮೊದಲು. ಪ್ರಶಾಂತ್ ಹೋಗಿ ಕೇಳಿದರು. ಅಯ್ಯನವರನ್ನು ಬೈಯುವುದು ಆ ತಾಯಿಗೆ ಬೇಕಿರಲಿಲ್ಲ. "ಅವರು ನನ್ನ ಹೆರಿಗಿ ಟೈಮಿನಾಗ ಜಟಕಾ ಮಾಡ್ಕೊಂಡು ಬಂದಿದ್ರು, ಅದನ್ನೂ ಬರೀರಿ" ಎಂದರಂತೆ. ಅವರಿಗೆ ಬೇಕಿದ್ದದ್ದು ಎರಡು. ಉಪದೇಶಿಗಳ ಪಟ್ಟಿಯಲ್ಲಿ ಗಂಡನ ಹೆಸರು ಇರಬೇಕು. ಅವರು ಕಳ್ಳರಲ್ಲ ಎಂದು ಚರ್ಚಿನಲ್ಲಿ, ಮೊದಲು ಹೇಳಿದ ಜಾಗದಲ್ಲೇ, ಹೇಳಬೇಕು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇಷ್ಟು ನಿಧಾನದ ದಾರಿ ಎಲ್ಲ ಪ್ರಕರಣಕ್ಕೂ ಸಲ್ಲುವುದಿಲ್ಲ. ಹೆಣ್ಣುಮಕ್ಕಳ ಮೇಲೆ, ಮಕ್ಕಳ ಮೇಲೆ ದೌರ್ಜನ್ಯವಾಗಿದ್ದರೆ ಅದು ಕಮಿಟಿಯ ಕೋಣೆಯಲ್ಲಿ ಮುಗಿಸುವ ವಿಷಯವಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಬುದ್ಧಿಮಾಂದ್ಯರ ಜೊತೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯಗಳನ್ನು ಕಟ್ಟಿದ ಜಾನ್ ವಾನಿಯೆ ಅವರನ್ನು ಲೋಕವೇ ಸಂತನೆಂದು ನೋಡಿತ್ತು. ಬೆಂಗಳೂರಿನ ಆಶಾ ನಿಕೇತನವೂ 1970ರಲ್ಲಿ ಅದೇ ಬಳಗದಲ್ಲಿ ಹುಟ್ಟಿದ್ದು. ಅವರು 2019ರಲ್ಲಿ ತೀರಿಕೊಂಡರು. ಆತ್ಮಿಕ ಮಾರ್ಗದರ್ಶನಕ್ಕೆ ಬಂದ ಹೆಂಗಸರನ್ನು ಅವರು ದುರುಪಯೋಗ ಮಾಡಿಕೊಂಡಿದ್ದರು ಎಂದು 2020ರಲ್ಲಿ ತನಿಖೆ ಮಾಡಿಸಿ ಪ್ರಕಟಿಸಿದ್ದು ಅವರ ಸಂಸ್ಥೆಯೇ. ಆ ಹೆಂಗಸರ ಮಾತನ್ನು ಮೊದಲಿಟ್ಟರು, ಸಮುದಾಯಗಳ ಕೆಲಸವನ್ನೂ ನಿಲ್ಲಿಸಲಿಲ್ಲ. ಅಂಥ ಕಡೆ ಗೌರವ ಮೊದಲು ಸಲ್ಲಬೇಕಾದ್ದು ನೊಂದವರಿಗೆ.

ಪ್ರಶಾಂತ್‌ನ ಕಮಿಟಿಯಲ್ಲಿ ಸುಲಭವಾಗಿ ಆಗಲಿಲ್ಲ. "ಹೋದವರ ಬಗ್ಗೆ ಯಾಕ್ರಿ ಈಗ" ಎಂದು ಇಬ್ಬರು ಎದ್ದು ಹೋದರು. ಒಂದು ಕುಟುಂಬ ಈಗಲೂ ಅವರ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಉಳಿದವರು ನಡಾವಳಿಯಲ್ಲಿ ತಿದ್ದುಪಡಿ ಬರೆಸಲು ಒಪ್ಪಿದರು. ಅಯ್ಯನವರ ಮಕ್ಕಳಿಗೆ ಸಂಚಿಕೆ ಅಚ್ಚಿಗೆ ಹೋಗುವ ಮೊದಲೇ ಪ್ರಶಾಂತ್ ಖುದ್ದಾಗಿ ಹೋಗಿ ಹೇಳಬೇಕು, ಓದಿ ತಿಳಿಯುವ ಹಾಗೆ ಆಗಬಾರದು ಎಂದು ನಾನು ಒತ್ತಿ ಹೇಳಿದ್ದೆ. ಹಾಗೆಯೇ ಮಾಡಿದರು. ಮಗ ಸಿಟ್ಟಾದರು. ಮಗಳು ಮಾತ್ರ, ಅಪ್ಪ ಕೊನೆ ದಿನಗಳಲ್ಲಿ ಉಪದೇಶಿಯ ಹೆಸರು ಕನವರಿಸುತ್ತಿದ್ದರು ಎಂದರು.

ಲೇಖನ ಬಂತು. ಊಟ ಕೇಳುವುದು, ಒಲೆ ನೋಡುವುದು, ಶುಕ್ರವಾರದ ನೋಟ್‌ಬುಕ್, ಹೆರಿಗೆಯ ಜಟಕಾ ಎಲ್ಲ ಅದರಲ್ಲಿವೆ. ಉಪದೇಶಿಯ ವಿಷಯ ಒಂದೇ ಪ್ಯಾರಾ: ಆರೋಪ ನಿಜವಲ್ಲ ಎಂದು ಸಭೆಗೆ ಗೊತ್ತಾಗಿದೆ, ಅಂದು ತಿದ್ದದೆ ಹೋದದ್ದಕ್ಕೆ ಸಭೆ ಆ ಕುಟುಂಬದ ಕ್ಷಮೆ ಕೇಳುತ್ತದೆ. ಅದನ್ನು ಭಾನುವಾರ ಆರಾಧನೆಯಲ್ಲೂ ಓದಿದರು.

ನಿದ್ದೆ ಈಗ ಬರುತ್ತಿದೆ. ಶನಿವಾರದ ಎದೆಬಡಿತ ಪೂರ್ತಿ ಹೋಗಿಲ್ಲ, ಅದಕ್ಕೆ ಇನ್ನೂ ಬರುತ್ತಾರೆ. ಯೌವನಸ್ಥರ ಕೂಟದ ಒಬ್ಬ ಹುಡುಗ ಈಗ ಇವರ ಹಿಂದೆ ಹಿಂದೆಯೇ ಓಡಾಡುತ್ತಾನೆ, ಸೇವೆಗೆ ಬರುವ ಆಸೆ ಅವನಿಗೆ. ಅವನಿಗೆ ಮೊದಲು ಏನು ಕಲಿಸುತ್ತೀರಿ ಎಂದು ಕೇಳಿದೆ. ಕಾಯಿಲೆಯವರ ಮನೆಗೆ ಕರೆದುಕೊಂಡು ಹೋಗುತ್ತಿದ್ದಾರಂತೆ. ಭಾನುವಾರದ ಕಾಣಿಕೆಯನ್ನು ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ಸೋಮವಾರವೇ ಬ್ಯಾಂಕಿಗೆ ಕಟ್ಟಿ ರಸೀದಿ ತರುವ ಕೆಲಸವನ್ನೂ ಅವನಿಗೆ ವಹಿಸಿದ್ದಾರೆ.