ಸಂಪಾದಕರ ಉತ್ತರ: ಕುಂಟುವ ಮೊದಲೇ ಗೊತ್ತಾದರೆ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ರೇಸ್ ಕುದುರೆಗಳ ಲೇಖನ ಓದಿ ನೀವು ಬರೆದ ಪತ್ರ ಸ್ವಲ್ಪ ಖಾರವಾಗಿಯೇ ಇತ್ತು. "ಸ್ಕ್ಯಾನು, ಸಂಶೋಧನೆ ಎಲ್ಲ ಸುಮ್ನೆ ಕಣ್ಣೊರೆಸುವ ಆಟ. ಚೆನ್ನಾಗಿದ್ದ ಕುದುರೆ ಓಡ್ತಾ ಓಡ್ತಾ ಕಾಲು ಮುರಿದುಕೊಳ್ಳುತ್ತೆ. ಅದನ್ನು ಯಾವ ವಿಜ್ಞಾನ ಮೊದಲೇ ಹೇಳೀತು?" ಅಂತ ಕೇಳಿದ್ದೀರಿ. ಕೊನೆಯಲ್ಲಿ ಚಾವಟಿಯ ಮಾತೂ ಎತ್ತಿದ್ದೀರಿ.

ರೇಸ್ ಇರಬೇಕೋ ಬೇಡವೋ ಅನ್ನೋ ಜಗಳ ಇವತ್ತಿಗೆ ಮುಗಿಯುವಂಥದ್ದಲ್ಲ. ಅದು ಹಾಗಿರಲಿ. ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಹಾಗೆ ಕಾಲು ಮುರಿದುಕೊಳ್ಳುವ ಕುದುರೆಗಳಲ್ಲಿ ಬಹಳಷ್ಟಕ್ಕೆ ಮೂಳೆ ಮೊದಲೇ ಹಾಳಾಗಿರುತ್ತದೆ. ಹೊರಗೆ ಕಾಣೋದಿಲ್ಲ, ಅಷ್ಟೆ.

ರೇಸ್ ಕುದುರೆಯ ತೂಕ ಸುಮಾರು 500 ಕೆ.ಜಿ. ನಾಗಾಲೋಟದಲ್ಲಿ ಮುಂಗಾಲು ನೆಲಕ್ಕೆ ಬಿದ್ದಾಗ, ಆ ಒಂದೇ ಕಾಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಗೊರಸಿನಿಂದ ಸ್ವಲ್ಪ ಮೇಲಿರುವ ಫೆಟ್‌ಲಾಕ್ ಕೀಲಿಗೆ ಇದರ ಪೆಟ್ಟು ಜಾಸ್ತಿ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಒಂದು ಸಲ ಪಟ್ಟಂತ ಮುರಿಯುತ್ತದಲ್ಲ, ಹಾಗೇ ಇದು. ವ್ಯತ್ಯಾಸ ಏನಂದರೆ ಮೂಳೆಗೆ ಜೀವ ಇದೆ, ತನ್ನ ರಿಪೇರಿ ತಾನೇ ಮಾಡಿಕೊಳ್ಳುತ್ತದೆ. ಮೊದಲು ಹಾಳಾದ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸುವ ಕೆಲಸ ಬೇಗ ಆಗುತ್ತದೆ. ತುಂಬುವುದಕ್ಕೆ ತಿಂಗಳುಗಳೇ ಬೇಕು. ಈ ನಡುವಿನ ಹೊತ್ತಿನಲ್ಲಿ ಮೂಳೆಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ವಿಶ್ರಾಂತಿ ಮುಗಿಸಿ ಬಂದ ಕುದುರೆಯನ್ನು ಅವಸರಪಟ್ಟು ಓಡಿಸಬಾರದು ಅನ್ನೋದು ಇದಕ್ಕೇ.

ಎಕ್ಸ್‌ರೇಯಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ಮೈಗೆ ಸ್ವಲ್ಪ ವಿಕಿರಣ ಸೂಸುವ ಮದ್ದು ಚುಚ್ಚಿ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್‌ನಲ್ಲಿ ರಿಪೇರಿ ನಡೆಯುತ್ತಿರುವ ಜಾಗ ಹೊಳೆಯುತ್ತದೆ. ಮೊದಲು ಇದಕ್ಕೆ ಕುದುರೆಗೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಬೇಕಿತ್ತು. ಅದೇ ಒಂದು ಗಂಡಾಂತರ. ಎಚ್ಚರವಾಗುವಾಗ ಗಾಬರಿಬಿದ್ದು ಎದ್ದು ಕಾಲು ಮುರಿದುಕೊಂಡ ಕುದುರೆಗಳಿವೆ. ಈಗ ಸ್ವಲ್ಪ ಮಂಪರು ಬರಿಸಿದರೆ ಸಾಕು. ಕುದುರೆ ನಿಂತೇ ಇರುತ್ತದೆ, ಯಂತ್ರದ ಉಂಗುರ ಅದರ ಕಾಲನ್ನು ಸುತ್ತುವರಿಯುತ್ತದೆ. ಇಂಥ ಯಂತ್ರ 2019ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಅನಿತಾ ರೇಸ್‌ಕೋರ್ಸಿಗೆ ಬಂತು. ಅದೇ ವರ್ಷದ ಆರಂಭದಲ್ಲಿ ಅಲ್ಲಿ ಸಾಲು ಸಾಲಾಗಿ ಕುದುರೆಗಳು ಸತ್ತು ದೊಡ್ಡ ರಾದ್ಧಾಂತವಾಗಿತ್ತು. ಮರ್ಯಾದೆ ಹೋದ ಮೇಲೆ ಬಂದ ಬುದ್ಧಿ ಅಂತ ನೀವು ಅಂದರೆ ನಾನು ಅಲ್ಲಗಳೆಯುವುದಿಲ್ಲ.

ಎಲ್ಲ ಸಂಶೋಧನೆಗೂ ಕೋಟಿ ಸುರಿಯಬೇಕಿಲ್ಲ. ಬ್ರಿಟನ್ನಿನಲ್ಲಿ ಕುದುರೆಗಳು ಹಾರಬೇಕಾದ ಬೇಲಿಗಳ ಹಲಗೆಗೆ ಬಹಳ ಕಾಲ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ಕಣ್ಣಿಗೆ ಹೊಡೆಯೋ ಬಣ್ಣ, ಆದರೆ ಹೊಡೆಯೋದು ನಮ್ಮ ಕಣ್ಣಿಗೆ! ಕುದುರೆಗೆ ಕಿತ್ತಳೆಯೂ ಹುಲ್ಲಿನ ಹಸಿರೂ ಹೆಚ್ಚುಕಡಿಮೆ ಒಂದೇ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ತೋರಿಸಿದರು. 2022ರಿಂದ ಹಲಗೆಗಳಿಗೆ ಬಿಳಿ ಬಣ್ಣ ಬರತೊಡಗಿತು. ಹಾರೋದು ಯಾರು ಅಂತ ಇಷ್ಟು ವರ್ಷ ಯಾರೂ ಯೋಚಿಸಿರಲಿಲ್ಲ ನೋಡಿ.

ಇದರಿಂದೆಲ್ಲ ಲಾಭ ಆಗಿದೆಯಾ? ಅಮೆರಿಕದ ಲೆಕ್ಕ ಹೇಳುತ್ತೇನೆ. ರೇಸಿಗಿಳಿದ ಪ್ರತಿ 1,000 ಸಲಕ್ಕೆ 2009ರಲ್ಲಿ 2 ಕುದುರೆಗಳು ಸಾಯುತ್ತಿದ್ದವು. 2023ರಲ್ಲಿ ಅದು 1.32ಕ್ಕೆ ಇಳಿದಿತ್ತು. ಇದರ ಕೀರ್ತಿ ಯಾವುದೋ ಒಂದು ಯಂತ್ರಕ್ಕೆ ಸಲ್ಲುವುದಿಲ್ಲ. ಪ್ರತಿ ಸಾವನ್ನೂ ಬರೆದಿಡೋದು, ಟ್ರ್ಯಾಕ್ ನೋಡಿಕೊಳ್ಳೋದು, ರೇಸಿಗೆ ಮೊದಲು ವೈದ್ಯರ ತಪಾಸಣೆ, ನೋವಿನ ಔಷಧಿಗಳಿಗೆ ಕಡಿವಾಣ ಎಲ್ಲವೂ ಸೇರಿವೆ. ನೋವು ಗೊತ್ತಾಗದ ಹಾಗೆ ಮಾಡಿದರೆ ಕುದುರೆ ಕುಂಟುವುದಿಲ್ಲ, ಕುಂಟದಿದ್ದರೆ ಯಾರೂ ತಡೆಯುವುದಿಲ್ಲ.

ನಿಮ್ಮ ಅನುಮಾನ ನಿಜವಾಗಿ ತಟ್ಟುವುದು ಇಲ್ಲೇ. ಸ್ಕ್ಯಾನ್‌ನಲ್ಲಿ ಹೊಳೆಯುವ ಚುಕ್ಕೆ ಕಂಡ ಮೇಲೂ ಕುದುರೆ ಸಲೀಸಾಗಿ ಹೆಜ್ಜೆ ಹಾಕುತ್ತಿರಬಹುದು. ದೊಡ್ಡ ರೇಸ್ ಹತ್ತಿರದಲ್ಲಿದ್ದರೆ 'ಇದೊಂದು ಓಡಿಬಿಡಲಿ' ಅಂತ ಮಾಲೀಕನಿಗೆ ಅನ್ನಿಸುವುದು ಸಹಜ. ಹಾಗಾಗಿ ಆ ವರದಿ ಟ್ರೇನರ್ ಮತ್ತು ಮಾಲೀಕರ ಕೈಯಲ್ಲೇ ಉಳಿಯಬಾರದು, ರೇಸ್‌ಕೋರ್ಸಿನ ವೈದ್ಯರಿಗೂ ತಲುಪಬೇಕು, ಬೇಡ ಅನ್ನುವ ಅಧಿಕಾರ ಅವರಿಗಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಚಾವಟಿ. ಅದಕ್ಕೆ ಹೊಸ ಯಂತ್ರ ಏನೂ ಬೇಕಿಲ್ಲ. ಹೊಡೆದು ಓಡಿಸುವುದನ್ನು ನಾರ್ವೆ 1982ರಲ್ಲೇ ನಿಷೇಧಿಸಿತು. ಅಲ್ಲಿ ರೇಸ್ ಇವತ್ತಿಗೂ ನಡೆಯುತ್ತಿದೆ.

– ಸಂಪಾದಕ