ಅಪರಾಧದ ಗಂಭೀರತೆ ಅಳೆಯಲು 1ರಿಂದ 10ರ ಅಂಕ ಸಾಕೇ?

ನೀವು ಕೇಳಿರುವುದು ಎರಡು: ಯಾವ ಅಪರಾಧ ಎಷ್ಟು ಗಂಭೀರ ಎಂದು ಜನ ಹೇಗೆ ತೂಗುತ್ತಾರೆ, ಮತ್ತು ಸಮೀಕ್ಷೆಯಲ್ಲಿ ಅದಕ್ಕೆ 1ರಿಂದ 10ರೊಳಗೆ ಅಂಕ ಕೊಡಿಸಿದರೆ ಸಾಕೇ. ಎರಡನೆಯದಕ್ಕೆ ಮೊದಲು ಉತ್ತರ: ಸಾಲದು. ಕೊಲೆ ಅಂದಕೂಡಲೇ ಹೆಚ್ಚಿನವರು 10 ಕೊಟ್ಟುಬಿಡುತ್ತಾರೆ. ಆಮೇಲೆ ಬಾಂಬ್ ಇಟ್ಟು ಇಪ್ಪತ್ತು ಜನರನ್ನು ಕೊಂದವನಿಗೆ ಕೊಡಲು ಅಂಕವೇ ಉಳಿದಿರುವುದಿಲ್ಲ.

ಅಮೆರಿಕದ ಅಪರಾಧಶಾಸ್ತ್ರಜ್ಞರಾದ ಸೆಲಿನ್ ಮತ್ತು ವುಲ್ಫ್‌ಗ್ಯಾಂಗ್ 1964ರಲ್ಲಿ ತೋರಿಸಿದ ದಾರಿಯನ್ನೇ ನಾನು ಸೂಚಿಸುವುದು. ಮೇಲ್ಮಿತಿ ಬೇಡ, ಒಂದು ಅಪರಾಧವನ್ನು ಅಳತೆಗೋಲಾಗಿ ಇಡಿ. ಅದೇ ದಾರಿ ಹಿಡಿದ 1977ರ ಅಮೆರಿಕದ ಸಮೀಕ್ಷೆಯಲ್ಲಿ ಬೀದಿಯಲ್ಲಿ ನಿಲ್ಲಿಸಿದ್ದ ಸೈಕಲ್ ಕದ್ದದ್ದಕ್ಕೆ 10 ಎಂದು ಗೊತ್ತುಮಾಡಿದ್ದರು. ಅದರ ಎರಡರಷ್ಟು ಗಂಭೀರ ಅನಿಸಿದರೆ 20, ಅರ್ಧದಷ್ಟು ಅನಿಸಿದರೆ 5, ಅಪರಾಧವೇ ಅಲ್ಲ ಅನಿಸಿದರೆ 0. ಒಟ್ಟು 204 ಅಪರಾಧಗಳು, ಸುಮಾರು 60,000 ಜನ. ಕೊನೆಯ ಪಟ್ಟಿಯಲ್ಲಿ (ಅಲ್ಲಿ ಅಂಕಗಳನ್ನು ಬೇರೆ ಅಳತೆಗೆ ಇಳಿಸಿದ್ದರು, ಸೈಕಲ್‌ಗೆ 10 ಅಲ್ಲ) ಇಪ್ಪತ್ತು ಜನ ಸತ್ತ ಬಾಂಬ್ ಸ್ಫೋಟಕ್ಕೆ 72.1, ಹದಿನಾರು ತುಂಬದವರು ಶಾಲೆ ತಪ್ಪಿಸಿದ್ದಕ್ಕೆ 0.2. ಅಂದರೆ ಸುಮಾರು 360 ಪಟ್ಟು. ಹತ್ತು ಮೆಟ್ಟಿಲಲ್ಲಿ ಈ ಅಂತರ ಎಲ್ಲಿ ಹಿಡಿಸೀತು?

ಹೆಚ್ಚು ಜನ ಎಡವುವುದು ಪ್ರಶ್ನೆಯ ಮಾತಿನಲ್ಲಿ. 'ಕಳ್ಳತನ' ಎಂದಷ್ಟೇ ಬರೆದರೆ ಒಬ್ಬರ ಕಣ್ಣಮುಂದೆ ಜೇಬುಗಳ್ಳ ಬರುತ್ತಾನೆ, ಇನ್ನೊಬ್ಬರಿಗೆ ಚಾಕು ಹಿಡಿದು ಮನೆಗೆ ನುಗ್ಗಿದವನು. 'ಯಾರೂ ಇಲ್ಲದ ಹೊತ್ತಲ್ಲಿ ಬೀಗ ಒಡೆದು ಒಂದು ತಿಂಗಳ ಸಂಬಳದಷ್ಟು ಹಣ ಒಯ್ದ' ಎಂದು ಬರೆಯಿರಿ. ಹೀಗೆ ಬರೆದರೆ ಒಂದೊಂದೇ ವಿವರ ಬದಲಿಸಿಯೂ ನೋಡಬಹುದು. ಮೊತ್ತ ಹತ್ತು ಪಟ್ಟಾದರೆ ಅಂಕ ಹತ್ತು ಪಟ್ಟಾಗುವುದಿಲ್ಲ, ತೀರಾ ನಿಧಾನಕ್ಕೆ ಏರುತ್ತದೆ. ಅದೇ ಮನೆಯವರ ಮೇಲೆ ಕೈಮಾಡಿದ ಎಂದು ಸೇರಿಸಿ, ಅಂಕ ಒಮ್ಮೆಗೇ ಜಿಗಿಯುತ್ತದೆ.

ಸರಾಸರಿ ತೆಗೆಯುವಾಗಲೂ ಎಚ್ಚರ. ಮೂವರು 20, 40, 5000 ಎಂದರೆ ಸಾಮಾನ್ಯ ಸರಾಸರಿ ಸುಮಾರು 1687 ಆಗುತ್ತದೆ, ಒಬ್ಬನ ಸಿಟ್ಟೇ ಇಡೀ ಲೆಕ್ಕವನ್ನು ನುಂಗಿತು. ಗುಣೋತ್ತರ ಸರಾಸರಿ (ಮೂರನ್ನೂ ಗುಣಿಸಿ ಘನಮೂಲ) ತೆಗೆದರೆ 159ರ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಒಂದು ಸೊನ್ನೆ ಇದ್ದರೂ ಉತ್ತರ ಸೊನ್ನೆಯೇ, ಹಾಗಾಗಿ ಸೊನ್ನೆ ಕೊಟ್ಟವರು ಎಷ್ಟು ಮಂದಿ ಎಂದು ಪ್ರತ್ಯೇಕ ತೋರಿಸಿ. ಪ್ರಶ್ನೆಗಳ ಸಾಲನ್ನು ಪ್ರತಿಯೊಬ್ಬರಿಗೂ ಕಲಸಿ ಕೊಡಿ. ನಾನಾದರೆ ಒಬ್ಬರಿಗೆ 25ಕ್ಕಿಂತ ಹೆಚ್ಚು ಕೇಳುವುದಿಲ್ಲ, ಆಮೇಲೆ ಜನ ಓದದೆಯೇ ಅಂಕ ಹಾಕತೊಡಗುತ್ತಾರೆ.

ಅಂಕ ಕೊಡುವುದೇ ಕಷ್ಟ ಅನ್ನುವವರಿಗೆ ಜೋಡಿ ಹೋಲಿಕೆ ಇದೆ: ಈ ಎರಡರಲ್ಲಿ ಯಾವುದು ಹೆಚ್ಚು ಘೋರ? ಅಮೆರಿಕದ ಮನೋವಿಜ್ಞಾನಿ ಥರ್ಸ್ಟನ್ 1927ರಲ್ಲಿ 19 ಅಪರಾಧಗಳನ್ನು ಹೀಗೆ ಹೋಲಿಸಿದರು. 19ಕ್ಕೆ 171 ಜೋಡಿ ಆಗುತ್ತವೆ. ನೀವು 10ಕ್ಕೆ ನಿಲ್ಲಿಸಿ, 45 ಸಾಕು.

ಇನ್ನು ಜನ ತೂಗುವ ಬಗೆ. 'ಗಂಭೀರ' ಎಂಬ ಒಂದೇ ಮಾತಿನೊಳಗೆ ಎಷ್ಟು ಹಾನಿಯಾಯಿತು ಎಂಬುದೂ ಇದೆ, ಮಾಡಿದ್ದು ಎಷ್ಟು ತಪ್ಪು ಎಂಬುದೂ ಇದೆ. ಗುಂಡು ಹಾರಿಸಿ ಗುರಿ ತಪ್ಪಿದವನ ತಪ್ಪು ದೊಡ್ಡದು, ಆದ ಹಾನಿ ಇಲ್ಲ. ಅಜಾಗರೂಕತೆಯಿಂದ ವಾಹನ ಓಡಿಸಿ ಒಬ್ಬರ ಪ್ರಾಣ ತೆಗೆದವನಲ್ಲಿ ಅದು ತಿರುಗುಮುರುಗು. ಹಾನಿಗೊಂದು, ತಪ್ಪಿಗೊಂದು ಅಂಕ ಬೇರೆಬೇರೆ ಕೇಳದಿದ್ದರೆ ಇಬ್ಬರು ಯಾಕೆ ಭಿನ್ನವಾಗಿ ಉತ್ತರಿಸಿದರು ಎಂಬುದು ನಿಮಗೆ ಸಿಗುವುದೇ ಇಲ್ಲ.

ಶಿಕ್ಷೆಯ ವಿಷಯ ಇನ್ನೂ ನಾಜೂಕು. ಯಾವುದು ಹೆಚ್ಚು ಘೋರ ಎಂಬ ಸಾಲಿನಲ್ಲಿ ಜನ ಸಾಕಷ್ಟು ಒಪ್ಪುತ್ತಾರೆ. ಅದಕ್ಕೆ ಎಷ್ಟು ವರ್ಷ ಜೈಲು ಎಂದಾಗ ಚೆದುರಿಹೋಗುತ್ತಾರೆ, ಯಾಕೆಂದರೆ ಅಲ್ಲಿ ಸೈಕಲ್‌ನಂಥ ಅಳತೆಗೋಲು ಇಲ್ಲ. 'ಈ ಅಪರಾಧಕ್ಕೆ ಸಾಮಾನ್ಯವಾಗಿ 2 ವರ್ಷ' ಎಂದು ಒಂದು ಗೂಟ ನೆಟ್ಟು ಆಮೇಲೆ ಉಳಿದವನ್ನು ಕೇಳಿ. 'ಶಿಕ್ಷೆ ಸಾಕಷ್ಟು ಕಠಿಣವೇ?' ಎಂದು ಬರಿದೇ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಹೆಚ್ಚಿನವರು ತಮಗೆ ನೆನಪಿರುವ ಅತಿ ಕ್ರೂರ ಕೇಸನ್ನು ಇಟ್ಟುಕೊಂಡು ಸಾಲದು ಎನ್ನುತ್ತಾರೆ. ಅವರಿಗೇ ಒಂದು ಪುಟದಷ್ಟು ಪ್ರಕರಣದ ವಿವರ, ಆರೋಪಿಯ ಹಿನ್ನೆಲೆ, ನಷ್ಟ ತುಂಬಿಕೊಟ್ಟನೋ ಇಲ್ಲವೋ ಎಂಬುದನ್ನು ಓದಿಸಿ ಮತ್ತೆ ಕೇಳಿ, ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ವರದಿ ಬರೆಯಿರಿ.